ಚಪ್ಪರದ ಬೀದಿಗೆ ಗಂಟೆಗಾಡಿ

ಪವಿತ್ರಾಳ ಮದುವೆಗೆ ಇನ್ನೊಂದೇ ದಿನ ಉಳಿದಿತ್ತು. ಆ ಮಾಘದ ಮುಹೂರ್ತಕ್ಕೆ ಹುಣಸೂರಿನ ಕಲ್ಯಾಣ ಮಂಟಪಗಳೆಲ್ಲ ಮೊದಲೇ ಬೇರೆಯವರ ಪಾಲಾಗಿದ್ದರಿಂದ, ಮನೆಯ ಮುಂದೆಯೇ ಚಪ್ಪರ ಹಾಕಿ ಧಾರೆ ಎರೆಯುವುದೆಂದು ಅವಳ ತಾಯಿ ಚಿಕ್ಕಬೀರಮ್ಮ ನಿಶ್ಚಯ ಮಾಡಿದ್ದಳು. ಒಳಗೊಳಗೇ ಅವಳಿಗೆ ಅದು ಹಿಡಿಸಿಯೂ ಇತ್ತು. ಊರ ಹೊರಗಿನ ಈ ಬಡಾವಣೆಗೆ ಬಂದು ಒಂಬತ್ತು ವರ್ಷವಾಗಿದ್ದರೂ ತನ್ನ ಮನೆಯ ಮುಂದೆ ಒಂದು ಮಂಗಳಕಾರ್ಯ ಅಂತ ನಡೆದಿರಲಿಲ್ಲ. ಮೊದಲು ಹೊಗೆಸೊಪ್ಪಿನ ಹೊಲವಾಗಿದ್ದ ಜಾಗ ಅದು. ಸೈಟು ಮಾಡಿ, ಚರಂಡಿ ತೋಡಿ, ದೀಪದ ಕಂಬ ನೆಟ್ಟ ಮೇಲೂ ಮೊದಲ ಮಳೆಗೆ ನೆಲದಿಂದ ಖಾರದ ವಾಸನೆ ಏಳುತ್ತದೆಂದು ಅವಳು ಹೇಳುತ್ತಿದ್ದಳು. ಗಂಡ ನಟರಾಜು, ತಾಲೂಕು ಕಚೇರಿಯ ಅಟೆಂಡರು, ನಿನ್ನ ಮೂಗೇ ಹಾಗೆ ಎಂದು ನಗುತ್ತಿದ್ದ.

ಅವರದು ಮೂರನೇ ಅಡ್ಡರಸ್ತೆ. ಎರಡು ಕಡೆಯೂ ಎಂಟೆಂಟು ಮನೆ, ಕೊನೆಗೆ ನಾಲೆಯ ಏರಿ. ರಸ್ತೆ ಅಲ್ಲಿಗೆ ಮುಗಿಯುತ್ತದೆ. ಹಾದು ಹೋಗುವ ಗಾಡಿ ಯಾವುದೂ ಇಲ್ಲದ್ದರಿಂದ ಹೆಂಗಸರು ರಸ್ತೆಯಲ್ಲೇ ರಾಗಿ ಹರವುತ್ತಿದ್ದರು, ಸಂಡಿಗೆ ಇಡುತ್ತಿದ್ದರು, ಸಂಜೆ ಹೊತ್ತು ಮಾತಿಗೆ ಕೂರುತ್ತಿದ್ದರು. ಅಲ್ಲಿಗೆ ಬರುವ ದೊಡ್ಡ ಗಾಡಿ ಒಂದೇ. ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿದಾಗ ಅಗ್ನಿಶಾಮಕ ಠಾಣೆಯ ಹಳೇ ಬೆಡ್‌ಫರ್ಡು ಲಾರಿ ನೀರು ತುಂಬಿಕೊಂಡು ಬರುತ್ತಿತ್ತು. ಉದ್ದ ಮೂತಿ, ಕಪ್ಪೆಗಣ್ಣಿನಂಥ ಎರಡು ದುಂಡು ದೀಪ, ಬಿಸಿಲಿಗೆ ಬೆಳ್ಳಗಾಗಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿದ ಕೆಂಪು, ಬಾಗಿಲ ಪಕ್ಕ ಹಗ್ಗ ಕಟ್ಟಿ ನೇತುಹಾಕಿದ ಹಿತ್ತಾಳೆ ಗಂಟೆ. ಠಾಣೆಗೆ ಸೈರನ್ನಿನ ಹೊಸ ಗಾಡಿಯೊಂದು ಬಂದಿದ್ದರೂ ಬಡಾವಣೆಯವರ ಲೆಕ್ಕದಲ್ಲಿ ಫೈರ್ ಎಂಜಿನ್ ಅಂದರೆ ಇದೇ. ಗಂಟೆಗಾಡಿ ಅಂತಲೇ ಅದಕ್ಕೆ ಹೆಸರು. ಅದರ ಡ್ರೈವರ್ ಮಂಟಯ್ಯನಿಗೂ ಪ್ರತಿ ಮನೆಯ ಕೊಡದ ಅಳತೆ ಗೊತ್ತಿತ್ತು.

ಚಪ್ಪರಕ್ಕೆ ಹಾಲುಗಂಬ ತಂದವನು ಚಿಕ್ಕಬೀರಮ್ಮನ ಅಣ್ಣ ದೊಡ್ಡಬೀರಯ್ಯ. ಹಾಲುಗಂಬ ತರುವುದು ಸೋದರಮಾವನ ಹಕ್ಕು. ಕಟ್ಟೆಮಳಲವಾಡಿಯ ತನ್ನ ಹೊಲದ ಬದುವಿನಿಂದ ಹಾಲು ಸೋರುವ ಅತ್ತಿಯ ಕೊಂಬೆ ಕಡಿದು, ಅರಿಶಿನ ಬಳಿದು, ಟ್ರ್ಯಾಕ್ಟರಿನಲ್ಲಿ ಹಳದಿ ಬಟ್ಟೆ ಹಾಸಿ, ಮುಂದೆ ತಮಟೆ ಬಡಿಸಿಕೊಂಡು ತಂದಿದ್ದ. ಚಪ್ಪರದ ಈಶಾನ್ಯ ಮೂಲೆಯಲ್ಲಿ ಅದನ್ನು ನೆಟ್ಟು ಬುಡಕ್ಕೆ ಹಾಲೆರೆದರೆ ಆಮೇಲೆ ಮದುವೆ ಮುಗಿದು ಚಪ್ಪರ ಬಿಚ್ಚುವವರೆಗೂ ಯಾರೂ ಅದನ್ನು ಅಲುಗಿಸುವ ಹಾಗಿಲ್ಲ. ಬಿಚ್ಚುವಾಗಲೂ ನೆಟ್ಟವನೇ ಬಂದು ಕೀಳಬೇಕು.

ಚಪ್ಪರ ಈ ಗೋಡೆಯಿಂದ ಆ ಗೋಡೆಯವರೆಗೆ ಬೀದಿಯನ್ನೇ ಹೊದ್ದಿಕೊಂಡಿತ್ತು. ಬೀದಿ ಓರೆಯಾಗಿ ಹೋಗಿದ್ದರಿಂದ, ದಿಕ್ಕು ನೋಡಿ ಅಳೆದರೆ ಈಶಾನ್ಯ ಬಂದದ್ದು ಹೆಚ್ಚುಕಡಿಮೆ ರಸ್ತೆಯ ನಟ್ಟನಡುವೆ.

"ಭಾವ, ದಾರಿ ಮಧ್ಯಕ್ಕೆ ಬಂತಲ್ಲ ಇದು," ಎಂದು ನಟರಾಜು ಮೆಲ್ಲಗೆ ಹೇಳಿದ್ದ.

"ಬರ್ಲಿ ಬುಡಿ. ಇಲ್ಲಿ ಏನ್ ಮೈಸೂರು ಬಸ್ ಓಡಾಡ್ತದಾ? ಎಲ್ ಬೇಕಾದ್ರೆ ಅಲ್ ನೆಡಕ್ಕೆ ಇದೇನ್ ದನ ಕಟ್ಟೋ ಗೂಟವಾ?" ಎಂದು ದೊಡ್ಡಬೀರಯ್ಯ ಹಾರೆ ಎತ್ತಿದ. ನಟರಾಜು ಸುಮ್ಮನಾದ. ಆ ಮನೆಯಲ್ಲಿ ದೊಡ್ಡಬೀರಯ್ಯನ ಎದುರು ಸುಮ್ಮನಾಗುವುದು ಎಲ್ಲರಿಗೂ ಅಭ್ಯಾಸವಾಗಿತ್ತು.

ಚಿಕ್ಕಬೀರಮ್ಮ ಮಾತ್ರ ಕಂಬದ ಬುಡದಲ್ಲಿ ಬಹಳ ಹೊತ್ತು ನಿಂತಿದ್ದಳು. ಮಣ್ಣು ಗಟ್ಟಿಯಾಗಿದೆಯೇ ಎಂದು ಅಂಗಾಲಿನಿಂದ ತುಳಿದು ತುಳಿದು ನೋಡಿದಳು. ಅವಳ ಸ್ವಂತ ಮದುವೆಯಲ್ಲಿ ಧಾರೆಯ ಹೊತ್ತಿಗೆ ಒಂದು ಗಾಳಿ ಬೀಸಿ ಹಾಲುಗಂಬ ಒಂದು ಗೇಣು ವಾಲಿತ್ತು. ಬಿದ್ದಿರಲಿಲ್ಲ, ವಾಲಿತ್ತು ಅಷ್ಟೆ. ಅಷ್ಟು ಸಾಕಾಯಿತು ಅತ್ತೆಗೆ. ಮೊದಲ ಕೂಸು ಉಳಿಯದೆ ಹೋದಾಗ, ಎಮ್ಮೆ ಕರು ಹಾಕದಿದ್ದಾಗ, ನಟರಾಜುವನ್ನು ಪಿರಿಯಾಪಟ್ಟಣಕ್ಕೆ ವರ್ಗ ಮಾಡಿದಾಗ, ಕಡೆಗೆ ಹೆಂಚಿನ ಮೇಲೆ ಕೋತಿ ಕುಣಿದಾಗಲೂ "ಕಂಬ ವಾಲಿದ ಮದ್ವೆ, ಇನ್ನೇನಾದದು" ಎನ್ನುವುದೊಂದೇ ಮಾತು. ಬೈಯುವ ಧ್ವನಿಯೂ ಅಲ್ಲ, ಹವಾಮಾನ ಹೇಳುವ ಧ್ವನಿ. ಹದಿನೆಂಟು ವರ್ಷ ಕೇಳಿದಳು. ಅತ್ತೆ ಹೋಗಿ ನಾಲ್ಕು ವರ್ಷವಾಯಿತು. ಈಗಲೂ ಹಾಲು ಉಕ್ಕಿ ಒಲೆಗೆ ಬಿದ್ದರೆ ಚಿಕ್ಕಬೀರಮ್ಮನ ಕಿವಿ ತಾನಾಗಿಯೇ ಆ ಮಾತಿಗೆ ಕಾಯುತ್ತದೆ.

ಮಗಳ ಬೆನ್ನಿಗೆ ಅಂಥದೊಂದು ಮಾತು ಕಟ್ಟಿ ಕಳಿಸಬಾರದು. ಈ ಮದುವೆಯಲ್ಲಿ ಅವಳಿಗೆ ಬೇಕಾಗಿದ್ದುದು ಅದೊಂದೇ. ಸಾರು ತೆಳ್ಳಗಾಗಲಿ, ಓಲಗದವರು ತಡವಾಗಿ ಬರಲಿ, ಅವೆಲ್ಲ ನಾಲ್ಕು ದಿನಕ್ಕೆ ಮರೆಯುತ್ತವೆ. ಗಂಡಿನ ತಾಯಿ ಮಿರ್ಲೆಯ ಮರಮ್ಮ ಶಾಸ್ತ್ರದ ಹೆಂಗಸು ಎಂದು ಹೆಸರು ಪಡೆದವಳು. ನಿಶ್ಚಿತಾರ್ಥದ ದಿನ ತಟ್ಟೆಯಲ್ಲಿನ ವೀಳ್ಯದೆಲೆಗಳ ತೊಟ್ಟು ಯಾವ ದಿಕ್ಕಿಗಿವೆ ಎಂದು ಎರಡು ಸಲ ಬಗ್ಗಿ ನೋಡಿದ್ದಳು.

ಮದುವೆಯ ಹಿಂದಿನ ದಿನ ಬೆಳಿಗ್ಗೆ ಪವಿತ್ರಾಳಿಗೆ ಅರಿಶಿನ ಹಚ್ಚಿದರು. ಅರಿಶಿನ ಹಚ್ಚಿಸಿಕೊಂಡ ಹುಡುಗಿ ಹೊಸ್ತಿಲು ದಾಟಬಾರದೆಂದು ಅವಳನ್ನು ಒಳಕೋಣೆಯಲ್ಲಿ ಚಾಪೆಯ ಮೇಲೆ ಕೂರಿಸಿದರು. ಮನೆಯ ತುಂಬ ನೆಂಟರು. ಒಲೆಗಳೆಲ್ಲ ಅನ್ನ ಸಾರಿಗೇ ಸಾಲದಿದ್ದಾಗ, ಬೀದಿಯ ಕೊನೆಮನೆಯ ಉಷಾರಾಣಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದಳು.

"ಕಜ್ಜಾಯದ ಹಿಟ್ಟು ನನ್ನ ಹತ್ರ ಕೊಡಿ ಅಕ್ಕ. ನಮ್ಮ ಹಿತ್ಲು ಒಲೇಲಿ ಕರಿದು ತತ್ತೀನಿ. ಇಲ್ಲಿ ನಿಮ್ಮ ನೆಂಟ್ರು ಕರಿದಿದ್ದನ್ನ ಕರಿದ ಹಾಗೇ ತಿಂದು ಮುಗಿಸ್ತಾವ್ರೆ."

"ನಿಮ್ಮನೇಲಿ ಕಾಲಿಡಕ್ಕೆ ಜಾಗ ಎಲ್ಲದೆ ಉಷಾ? ಮಂಚದ ಮೇಲೂ ಹೊಗೆಸೊಪ್ಪೇ," ಎಂದಳು ಚಿಕ್ಕಬೀರಮ್ಮ.

"ಒಲೆ ಮೇಲೆ ಇಲ್ವಲ್ಲ ಸದ್ಯ," ಎಂದು ಉಷಾರಾಣಿ ನಕ್ಕು ಹಿಟ್ಟಿನ ಪಾತ್ರೆಯನ್ನು ಸೊಂಟಕ್ಕೇರಿಸಿಕೊಂಡು ಹೋದಳು.

ಅವಳ ಗಂಡ ಮಹದೇವಪ್ರಸಾದ್‌ಗೆ ರಾವಂದೂರಿನ ಕಡೆ ಜಮೀನು. ಬೇಯಿಸಿ ಹದ ಮಾಡಿದ ಹೊಗೆಸೊಪ್ಪನ್ನು ಹರಾಜಿಗೆ ಹತ್ತಿರವಾಗಲೆಂದು ಪಟ್ಟಣದ ಮನೆಯಲ್ಲೇ ಬೇಲು ಕಟ್ಟಿ ಇಡುತ್ತಿದ್ದ. ಆ ವರ್ಷದ ಕೊನೆಯ ಸೊಪ್ಪು ಇನ್ನೂ ಹರಾಜಾಗದೆ ಹಜಾರದಲ್ಲಿ ಸೂರಿನವರೆಗೆ ನಿಂತಿತ್ತು. ಉದುರಿದ ಪುಡಿಯನ್ನು ಗುಡಿಸಿ ಗೋಣಿಚೀಲಗಳಲ್ಲಿ ತುಂಬಿ ಹಿತ್ತಿಲ ಗೋಡೆಗೆ ಒರಗಿಸಿದ್ದರು. ಒಲೆಗೆ ನಾಲ್ಕು ಮಾರು ದೂರ. ಅಷ್ಟು ದೂರ ಸಾಕೆಂದು ಉಷಾರಾಣಿ ಅಂದುಕೊಂಡಿದ್ದಳು. ಬಾಣಲೆಯ ಎಣ್ಣೆ ಉಕ್ಕಿ ಒಲೆಗೆ ಬಿದ್ದು, ಉರಿ ಎದ್ದು, ಗಾಳಿಗೆ ಒಂದು ತರಗು ಹಾರಿ ಹೋಗಿ ಚೀಲದ ಮೇಲೆ ಕೂತಿತು. ಅವಳು ಒಲೆಯ ಬೆಂಕಿ ಆರಿಸುವುದರಲ್ಲೇ ಇದ್ದಳು. ತಿರುಗಿ ನೋಡುವ ಹೊತ್ತಿಗೆ ಚೀಲ ಹೊತ್ತಿ, ಮೇಲಿನ ಕಿಟಕಿಯ ಒಳಗಿಂದ ಹಳದಿ ಹೊಗೆ ಬರುತ್ತಿತ್ತು.

ಮೊದಲು ಇಡೀ ಬೀದಿ ಸೀನಿತು. ಹೊಗೆಸೊಪ್ಪಿನ ಹೊಗೆ ಗಂಟಲಿಗೆ ಕೈಹಾಕಿ ಹಿಡಿದಂತೆ ಹಿಡಿಯುತ್ತದೆ. ಆಮೇಲೆ ಕೂಗು. ಚಿಕ್ಕಬೀರಮ್ಮ ಓಡಿ ಹೋದಾಗ ಉಷಾರಾಣಿ ಬಾಗಿಲಲ್ಲಿ ಬೋಸಿಯಿಂದ ನೀರು ಎರಚುತ್ತಿದ್ದಳು. ಅವಳ ಕೈಯಿಂದ ಬೋಸಿ ಕಿತ್ತುಕೊಂಡು ಈಚೆಗೆ ಎಳೆದು ತರಬೇಕಾಯಿತು. ಒಳಗೆ ಜನರಿಲ್ಲ, ಮಕ್ಕಳು ಶಾಲೆಯಲ್ಲಿದ್ದರು, ಪ್ರಸಾದ್ ಜಮೀನಿನಲ್ಲಿ. ಆದರೆ ಅಡುಗೆಮನೆಯಲ್ಲಿ ಎರಡು ಗ್ಯಾಸ್ ಸಿಲಿಂಡರ್ ಇದ್ದವು. ಅದನ್ನು ಕೇಳಿದ ಮೇಲೆ ಅಕ್ಕಪಕ್ಕದವರು ಮುದುಕರನ್ನು ಮಂಚ ಸಮೇತ ಎತ್ತಿಕೊಂಡು ಹೊರಬರತೊಡಗಿದರು. ಆ ಸಾಲಿನ ಎಂಟು ಮನೆಗೂ ಗೋಡೆಗಳು ಒಂದಕ್ಕೊಂದು ಅಂಟಿಯೇ ಇದ್ದವು.

ನಟರಾಜು ಸೈಕಲ್ ಹತ್ತಿ ಠಾಣೆಗೆ ಹೋಗಿದ್ದ. ಕಾಲು ಗಂಟೆಯಲ್ಲಿ ಗಂಟೆಯ ಸದ್ದು ಕೇಳಿಸಿತು. ಸೈರನ್ ಅಲ್ಲ, ಗಂಟೆ. ಹೊಸ ಗಾಡಿ ಬೆಳಗಿನಿಂದ ಎಚ್.ಡಿ. ಕೋಟೆಯ ಕಡೆ ಕಾಡಿನ ಬೆಂಕಿಗೆ ಹೋಗಿತ್ತು, ಠಾಣೆಯ ಸಾಹೇಬರೂ ಅದರ ಜೊತೆಗೇ. ಮಂಟಯ್ಯ ನಾಲ್ಕು ಜನರನ್ನು ಹತ್ತಿಸಿಕೊಂಡು, ಹ್ಯಾಂಡಲ್ ತಿರುವಿ ಸ್ಟಾರ್ಟ್ ಮಾಡಿಕೊಂಡು ಬಂದಿದ್ದ. ಬೆಡ್‌ಫರ್ಡು ಬೀದಿಯ ಬಾಯಿಗೆ ತಿರುಗಿ, ಉಬ್ಬಸದವರಂತೆ ಎರಡು ಸಲ ಕೆಮ್ಮಿ, ಚಪ್ಪರದ ಮುಂದೆ ನಿಂತಿತು.

ಚಪ್ಪರದ ತೆಂಗಿನ ಗರಿಗಳನ್ನು ಎಳೆದು ಬಿಸಾಡಲು ಯಾರಿಗೂ ಹೇಳಬೇಕಾಗಲಿಲ್ಲ. ಬಿದಿರಿನ ಗಳುಗಳನ್ನೂ ನೆಂಟರ ಹುಡುಗರು ಕಿತ್ತು ಗೋಡೆಗೆ ಒರಗಿಸಿದರು. ಎರಡು ನಿಮಿಷದಲ್ಲಿ ಆಕಾಶ ಕಂಡಿತು. ಉಳಿದದ್ದು ನಡುದಾರಿಯಲ್ಲಿ ಅರಿಶಿನ ಬಳಿದುಕೊಂಡು, ಮಾವಿನ ಸೊಪ್ಪು ಕಟ್ಟಿಸಿಕೊಂಡು ನಿಂತ ಹಾಲುಗಂಬ ಒಂದೇ. ಅದರ ಆಚೆಗೂ ಈಚೆಗೂ ಐದಡಿಗಿಂತ ಹೆಚ್ಚು ಜಾಗವಿರಲಿಲ್ಲ.

ಮಂಟಯ್ಯ ಬಾಗಿಲು ತೆರೆದು ಇಳಿದ. ಕಂಬ ನೋಡಿದ, ಗಾಡಿ ನೋಡಿದ, ಬೀದಿಯ ಕೊನೆಯ ಹೊಗೆ ನೋಡಿದ.

"ಇಲ್ಲಿಂದ್ಲೇ ಪೈಪ್ ಹಾಕು ಕಣ್ಲಾ," ಎಂದು ದೊಡ್ಡಬೀರಯ್ಯ ಹೇಳಿದ.

"ಇರದು ನಾಕು ಪೈಪ್ ಕಣಣ್ಣ. ಉಳಿದವೆಲ್ಲ ಕಾಡಿಗೆ ಹೋದ್ವು. ಅರ್ಧ ಬೀದಿಗೂ ಸಾಲಕಿಲ್ಲ. ಹೋಗ್ಲಿ ಅಂದ್ರೆ ಟ್ಯಾಂಕಲ್ಲಿ ಇರೋ ನೀರು ಹತ್ತು ನಿಮಿಷ. ನಾನು ಆ ನಾಲೆ ತಾವ್ಕೆ ಹೋಗಿ ನೀರಿಗೆ ಪೈಪ್ ಬಾಯಿ ಇಟ್ರೇನೇ ಕೆಲ್ಸ."

"ಅಂಗಂತ ಕಂಬ ಕೀಳಕಾಯ್ತದಾ? ಹಾಲೆರೆದಿವ್ನಿ ಕಣ್ಲಾ ನಾನು."

"ಕೀಳು ಅಂತ ನಾನ್ ಹೇಳಿದ್ನಾ?" ಮಂಟಯ್ಯ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. "ಗಾಡೀಲಿ ಗುದ್ದೂ ಅಂದ್ರೂ ನಾನ್ ಗುದ್ದಲ್ಲ. ನಮ್ಮನೇಲೂ ಹೆಣ್ಮಕ್ಳವ್ರೆ. ಮನೆಯೋರು ನೀವು, ಹೇಳಿ. ಪಿರಿಯಾಪಟ್ಣಕ್ಕೂ ಫೋನ್ ಹೋಗ್ಯದೆ, ಅಲ್ಲಿಂದ್ಲೂ ಗಾಡಿ ಬತ್ತದೆ. ಅದಕ್ಕೂ ಇದೇ ದಾರಿ."

ಎಲ್ಲರೂ ದೊಡ್ಡಬೀರಯ್ಯನ ಮುಖ ನೋಡಿದರು. ಅವನು ಕಂಬದ ಮುಂದೆ ಕೈಕಟ್ಟಿ ನಿಂತ. "ಧಾರೆಗ್ ಮುಂಚೆ ಹಾಲುಗಂಬ ಕಿತ್ತ ಮದ್ವೆ ನಮ್ ವಂಶದಲ್ಲೇ ಇಲ್ಲ. ಏರಿ ಆ ಕಡೆಯಿಂದ ಜನ ಸಾಲು ನಿಂತು ಬಿಂದಿಗೇಲಿ ಹೊಡೀಲಿ ನೀರ. ನಾನೂ ನಿಂತ್ಕತೀನಿ."

ಅದು ಸುಳ್ಳು ಧೈರ್ಯವಾಗಿರಲಿಲ್ಲ, ಅವನು ನಿಂತೂ ನಿಲ್ಲುತ್ತಿದ್ದ. ಚಿಕ್ಕಬೀರಮ್ಮನಿಗೆ ಅಣ್ಣನ ಮೇಲೆ ಕೋಪ ಬರಲಿಲ್ಲ. ಅವನು ಹೇಳುತ್ತಿದ್ದುದು ಅವಳದೇ ಭಯವನ್ನು. ಬೀದಿಯ ಮಧ್ಯೆ ನಿಂತು ಅವಳು ಒಂದು ಕಡೆ ಹೊಗೆಯನ್ನೂ ಒಂದು ಕಡೆ ಕಂಬವನ್ನೂ ನೋಡಿದಳು. ಮಿರ್ಲೆಯ ಮನೆಯೊಂದರ ಪಡಸಾಲೆ ಕಣ್ಣಿಗೆ ಕಟ್ಟಿತು. ಅಲ್ಲಿ ಪವಿತ್ರಾ ಬಗ್ಗಿ ಕಸ ಗುಡಿಸುತ್ತಿದ್ದಾಳೆ. ಒಳಗೆ ಏನೋ ಒಡೆದ ಸದ್ದು. ಆಮೇಲೆ ಒಂದು ಧ್ವನಿ, ಬೈಗುಳವಲ್ಲದ ಧ್ವನಿ. ಕಂಬ ಕಿತ್ತ ಮದುವೆ. ವಾಲಿದ್ದಕ್ಕೇ ಹದಿನೆಂಟು ವರ್ಷ ಆದರೆ ಕಿತ್ತದ್ದಕ್ಕೆ ಎಷ್ಟು.

ಗೋಡೆಯ ಬದಿಗೆ ಉಷಾರಾಣಿ ಕುಕ್ಕರಗಾಲಲ್ಲಿ ಕೂತಿದ್ದಳು. ಅವಳ ಮುಂಗೈಗೆ ಕಜ್ಜಾಯದ ಹಿಟ್ಟು ಇನ್ನೂ ಮೆತ್ತಿಕೊಂಡಿತ್ತು. ಕಂಬ ಕೀಳಿ ಎಂದು ಅವಳು ಕೇಳಲಿಲ್ಲ. ಕೇಳಬಾರದೆಂದು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಚಿಕ್ಕಬೀರಮ್ಮ ಅದನ್ನು ಕಂಡಳು. ಕಂಡ ಮೇಲೆ ಅವಳಿಗೆ ಯೋಚಿಸಲು ಏನೂ ಉಳಿಯಲಿಲ್ಲ.

ಅವಳು ಹೋಗಿ ಕಂಬವನ್ನು ಎರಡು ಕೈಯಲ್ಲಿ ತಬ್ಬಿ ಹಿಡಿದು ಅಲುಗಿಸಿದಳು.

"ಏಯ್, ಬೀರಾ," ಎಂದ ದೊಡ್ಡಬೀರಯ್ಯ. ತಂಗಿಯನ್ನು ಅವನು ಹಾಗೆ ಕರೆಯುತ್ತಿದ್ದುದು ಚಿಕ್ಕಂದಿನಲ್ಲಿ. "ನಿಂಗೆ ತಲೆ ನೆಟ್ಟಗದಾ? ನಾಳೆ ನಿನ್ ಮಗ್ಳು ಬಾಳ್ಬೇಕು."

"ಬಾಳ್ತಾಳೆ ಬುಡಣ್ಣ. ಹಿಂಗ್ ಮನೆ ಸುಟ್ಟು ಅದ್ರ ಪಕ್ಕದಲ್ಲಿ ಹಸೆ ಮೇಲೆ ಕೂರ್ಸಿದ್ರೆ ಬಾಳ್ತಾಳಾ? ನೀ ಕೀಳ್ಬೇಡ. ನಿನ್ ಕೈಗೆ ದೋಸ ಬ್ಯಾಡ. ಅತ್ಲಾಗ್ ನಿಂತ್ಕೊ."

ಕಂಬ ಜಗ್ಗಲಿಲ್ಲ. ನಿನ್ನೆ ತಾನೇ ಅಂಗಾಲಿನಲ್ಲಿ ಮೆಟ್ಟಿ ಮೆಟ್ಟಿ ಗಟ್ಟಿ ಮಾಡಿದ್ದಳಲ್ಲ. ನಟರಾಜು ಒಂದು ಹೆಜ್ಜೆ ಮುಂದಿಟ್ಟು ಭಾವನ ಕಡೆ ನೋಡಿ ನಿಂತ. ಬೇರೆಯವರು ಮುಟ್ಟಲು ಹೆದರಿದರು. ಅಷ್ಟರಲ್ಲಿ ಹಿಂದಿನಿಂದ ಇನ್ನೆರಡು ಕೈ ಬಂದು ಕಂಬವನ್ನು ಹಿಡಿದವು. ಮೊಣಕೈವರೆಗೂ ಅರಿಶಿನದ ಕೈ.

"ನೀನ್ಯಾಕೆ ಹೊಸ್ಲು ದಾಟ್ದೆ?" ಎಂದಳು ತಾಯಿ.

"ಆಗ್ಲೇ ದಾಟಾಯ್ತಲ್ಲವ್ವ. ಈಗೇನ್ ವಾಪಸ್ ಹೋಗಿ ಕೇಳ್ಕೊಂಡ್ ಬರ್ಲಾ?" ಎಂದಳು ಪವಿತ್ರಾ. "ಎಡಕ್ಕೆ ತಳ್ಳು, ಆಮೇಲ್ ಎತ್ತಾವ."

ತಳ್ಳಿದರು, ಎಳೆದರು, ಮತ್ತೆ ತಳ್ಳಿದರು. ಬುಡದ ಒದ್ದೆ ಮಣ್ಣು ಬಾಯಿ ಬಿಟ್ಟಿತು. ಕಂಬ ಮೇಲೆದ್ದಾಗ ತಾಯಿ ಮಗಳಿಬ್ಬರೂ ಹಿಂದಕ್ಕೆ ಕುಸಿದು ಕೂತು, ಕಂಬ ಮಾತ್ರ ನೆಲಕ್ಕೆ ತಾಗದಂತೆ ತೊಡೆಯ ಮೇಲೆ ಹಿಡಿದುಕೊಂಡರು. ಅದನ್ನು ಹೊತ್ತುಕೊಂಡು ಹೋಗಿ ಮನೆಯೊಳಗೆ ದೇವರ ಮುಂದೆ ಮಲಗಿಸಿದರು. ಆ ಹೊತ್ತಿಗಾಗಲೇ ಬೆಡ್‌ಫರ್ಡು, ಕಂಬ ಕಿತ್ತ ಗುಳಿಗೆ ಒಂದು ಚಕ್ರ ಇಳಿಸಿ, ಒಮ್ಮೆ ಕುಲುಕಿ, ಗಂಟೆ ತಾನಾಗಿ ಒಂದು ಸಲ ಬಡಿದುಕೊಂಡು, ಕೊನೆಮನೆಯ ಕಡೆಗೆ ಹೋಗುತ್ತಿತ್ತು. ಗೋಡೆಗಳಿಗೂ ಗಾಡಿಗೂ ನಡುವೆ ಮೊಳದಷ್ಟೇ ಅಂತರ. ಹೊಸ ಗಾಡಿಯಾಗಿದ್ದರೆ ಈ ಬೀದಿಯಲ್ಲಿ ಹಿಡಿಯುತ್ತಲೇ ಇರಲಿಲ್ಲ ಎಂದು ಆಮೇಲೆ ಎಲ್ಲರೂ ಹೇಳಿದರು.

ಟ್ಯಾಂಕಿನ ನೀರು ಮಂಟಯ್ಯ ಹೇಳಿದಂತೆ ಹತ್ತು ನಿಮಿಷಕ್ಕೆ ಮುಗಿಯಿತು. ಆದರೆ ಆ ಹತ್ತು ನಿಮಿಷದಲ್ಲಿ ಅವನ ಜೊತೆಯವರು ಒದ್ದೆ ಗೋಣಿ ಹೊದ್ದು ಒಳಗೆ ನುಗ್ಗಿ ಎರಡು ಸಿಲಿಂಡರನ್ನೂ ಈಚೆಗೆ ತಂದಿದ್ದರು. ಆಮೇಲೆ ದಪ್ಪ ಪೈಪನ್ನು ಏರಿಯ ಮೇಲಿಂದ ನಾಲೆಗೆ ಇಳಿಸಿದರು. ಪಂಪು ಗಿರ್ರೆಂದಿತೇ ಹೊರತು ನೀರು ಎಳೆಯಲಿಲ್ಲ.

"ಗಾಳಿ ಹಿಡ್ಕಂಡದೆ. ಮೊದ್ಲು ಇದಕ್ಕೆ ಕುಡಿಸ್ಬೇಕು, ಆಮೇಲೆ ಇದು ನಮಗೆ ಕೊಡ್ತದೆ," ಎಂದ ಮಂಟಯ್ಯ. "ಕೊಡ ತನ್ನಿ ಕೊಡ."

ಹೆಂಗಸರು ಮದುವೆಗೆಂದು ತುಂಬಿಸಿಟ್ಟ ಹಂಡೆಗಳಿಂದಲೇ ಕೊಡ ತುಂಬಿ ತಂದರು. ಮಂಟಯ್ಯ ಪಂಪಿನ ತಲೆಯ ಮೇಲಿನ ಬಿರಟೆ ತೆಗೆದು, ಹಸುಗೂಸಿಗೆ ಒಳಲೆಯಲ್ಲಿ ಹಾಲು ಹಾಕುವವನಂತೆ ನಿಧಾನವಾಗಿ ಸುರಿದ. ಅವಸರ ಮಾಡು ಎಂದು ಯಾರೋ ಕೂಗಿದರೆ, "ಮೂವತ್ತು ವರ್ಷದಿಂದ ಇವಳ ಜೊತೆ ಬಾಳ್ವೆ ಮಾಡ್ತಾ ಇವ್ನಿ, ನಂಗೊತ್ತು ಬುಡಯ್ಯ," ಎಂದ. ಏಳನೇ ಕೊಡಕ್ಕೆ ಪಂಪಿನ ದನಿ ಬದಲಾಯಿತು. ಕ್ಯಾನ್ವಾಸು ಪೈಪು ಹಾವಿನಂತೆ ಎದ್ದು ಉಬ್ಬಿತು.

ನಾಲೆಯಲ್ಲಿ ಪೈಪಿನ ಬಾಯಿಗೆ ಜೊಂಡು ಸಿಕ್ಕಿಕೊಳ್ಳುತ್ತಿತ್ತು. ಅದನ್ನು ಯಾರಾದರೂ ನೀರಿನಲ್ಲಿ ನಿಂತು ಹಿಡಿದಿರಬೇಕು. ಚಿಕ್ಕಬೀರಮ್ಮ ಏರಿ ಹತ್ತಿ ನೋಡಿದರೆ ಎದೆಮಟ್ಟದ ನೀರಿನಲ್ಲಿ ನಿಂತು, ಪೈಪನ್ನು ಹೆಗಲಿಗೆ ಆನಿಸಿಕೊಂಡು, ಜೊಂಡು ಕಿತ್ತು ಕಿತ್ತು ಎಸೆಯುತ್ತಿದ್ದವನು ದೊಡ್ಡಬೀರಯ್ಯ. ಮದುವೆಗೆ ಹೊಲಿಸಿದ ಬಿಳಿ ಅಂಗಿಯಲ್ಲೇ ಇಳಿದಿದ್ದ. ತಂಗಿಯನ್ನು ಕಂಡು ಮುಖ ಆ ಕಡೆ ತಿರುಗಿಸಿದ.

ಮುಕ್ಕಾಲು ಗಂಟೆಯ ಮೇಲೆ ಪಿರಿಯಾಪಟ್ಟಣದ ಗಾಡಿಯೂ ಗಂಟೆ ಬಾರಿಸುತ್ತ ಬಂತು. ಅದೂ ಅದೇ ಕಾಲದ್ದು, ಅದೇ ಉದ್ದ ಮೂತಿ. ಒಂದು ದೀಪ ಮಾತ್ರ ಒಡೆದು ಅಲ್ಲಿಗೆ ತಗಡು ಬಡಿದಿದ್ದರು. ಎರಡೂ ಒಂದರ ಹಿಂದೊಂದು ನಿಂತು ಒಂದೇ ಲಯದಲ್ಲಿ ಗುರುಗುಟ್ಟತೊಡಗಿದಾಗ ಬೀದಿಯ ಮುದುಕಿಯರು ಮಂಚದ ಮೇಲೆ ಕೂತೇ, ವಾರಗಿತ್ತಿಯರು ಕಂಡಂಗ್ ಕಾಣ್ತವೆ ಎಂದು ಮಾತಾಡಿಕೊಂಡರು. ಮೂರು ಗಂಟೆಯ ಹೊತ್ತಿಗೆ ಬೆಂಕಿ ಆರಿತು. ಸೊಪ್ಪು ಹೋಯಿತು, ಹಜಾರ ಹೋಯಿತು, ಎರಡು ಬಾಗಿಲು ಹೋದವು. ಉಳಿದ ಕೋಣೆಗಳು ಮಸಿ ಹಿಡಿದು ನಿಂತಿದ್ದವು. ಪಕ್ಕದ ಮನೆಯ ಗೋಡೆ ಬಿಸಿಯಾದದ್ದು ಬಿಟ್ಟರೆ ಬೇರೆ ಯಾರಿಗೂ ಏನೂ ಆಗಲಿಲ್ಲ. ಜಮೀನಿನಿಂದ ಓಡಿ ಬಂದ ಪ್ರಸಾದ್ ಹೆಂಡತಿಯ ಕೈ ಕಾಲು ಮುಖ ಎಲ್ಲ ಮುಟ್ಟಿ ಮುಟ್ಟಿ ನೋಡಿದ. ಆಮೇಲೆ ರಸ್ತೆಯಲ್ಲೇ ಅವಳ ಪಕ್ಕದಲ್ಲಿ ಕೂತುಬಿಟ್ಟ.

ದೊಡ್ಡಬೀರಯ್ಯ ತೊಯ್ದ ಅಂಗಿ ಹಿಂಡುತ್ತ ತಂಗಿಯ ಹತ್ತಿರ ಬಂದ. ಧ್ವನಿ ತಗ್ಗಿಸಿದ.

"ಕೊಂಬೆ ಬಾಡಿಲ್ಲ. ಅದೇ ಗುಳೀಲಿ ಈಗ್ಲೇ ನೆಟ್ಟು ಮಣ್ಣು ಮುಚ್ಬುಡ್ತೀನಿ. ಚಪ್ಪರಾನೂ ಕಟ್ಸ್ತೀನಿ. ಬೀಗ್ರು ಬರಾಕೆ ಇನ್ನ ಒಂದ್ ಗಂಟೆ ಅದೆ. ಅವ್ರ ಮುಂದೆ ಬಾಯಿ ಬುಡ್ಬೇಡ. ಕೊನೆ ಮನೇಗೆ ಬೆಂಕಿ ಬಿತ್ತು, ಗಾಡಿ ಬಂತು, ಆರಿಸ್ತು. ಅಷ್ಟೇ."

"ಚಪ್ಪರ ಕಟ್ಸಣ್ಣ. ಕಂಬಾನ ಅವ್ರು ಬಂದ್ಮೇಲೆ ನೆಡು."

"ಯಾಕೆ?"

"ನಾಳೆ ಯಾರಾದ್ರೂ ಹೇಳೇ ಹೇಳ್ತಾರೆ. ಆಗ ನನ್ ಮಗ್ಳು ಎರಡಕ್ಕೂ ಅನ್ನುಸ್ಕೋಬೇಕು. ಕಿತ್ತಿದ್ದಕ್ಕೂ, ಮುಚ್ಚಿಟ್ಟಿದ್ದಕ್ಕೂ."

ಹೀಗೆ ಹೇಳುವಾಗ ಅವಳ ಧ್ವನಿ ಗಟ್ಟಿಯಾಗಿಯೇ ಇತ್ತು. ಬೆಂಕಿ ಆರಿಸಿದವರೇ ಏಣಿ ಹತ್ತಿ, ತಮ್ಮ ಗಾಡಿ ವಾಪಸು ಹಾಯುವಷ್ಟು ಎತ್ತರಕ್ಕೆ ಬಿದಿರು ಕಟ್ಟಿದರು. ಅವರ ಗಂಟು ಚಪ್ಪರದವರ ಗಂಟಿಗಿಂತ ಬಿಗಿ ಎಂದು ದೊಡ್ಡಬೀರಯ್ಯನೇ ಒಪ್ಪಿಕೊಂಡ. ನಡುವೆ ಗುಳಿ ಮಾತ್ರ ತೆರೆದೇ ಇತ್ತು. ಅದರಲ್ಲಿ ಪೈಪಿನಿಂದ ಸೋರಿದ ನೀರು ನಿಂತಿತ್ತು.

ನಾಲ್ಕೂವರೆಗೆ ಮಿರ್ಲೆಯ ದಿಬ್ಬಣದ ಟೆಂಪೋ ಬೀದಿಯ ಬಾಯಲ್ಲಿ ನಿಂತಿತು. ಮೊದಲು ಇಳಿದವಳು ಮರಮ್ಮ. ದಪ್ಪ ಹೆಂಗಸು, ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು ಕೆಸರು ದಾಟಿ, ಬೀದಿಯ ಕೊನೆಯಲ್ಲಿ ನಿಂತ ಎರಡು ಕೆಂಪು ಗಾಡಿಗಳನ್ನು ನೋಡುತ್ತ ಬಂದಳು. ಹಿಂದೆ ಮದುಮಗ ಉಮಾಶಂಕರ ಏನು ಮಾಡಬೇಕೋ ತಿಳಿಯದೆ ಹೂವಿನ ಹಾರ ಕೈಯಲ್ಲಿ ಹಿಡಿದು ನಿಂತಿದ್ದ. ಆರತಿ ತಟ್ಟೆ ಹಿಡಿದ ಹೆಂಗಸರು ಮುಂದೆ ಬರುವ ಮೊದಲೇ ಚಿಕ್ಕಬೀರಮ್ಮ ಅವರನ್ನು ತಡೆದಳು.

"ಬೀಗಿತಿ, ಒಂದ್ ಮಾತು ಹೇಳ್ಬುಡ್ತೀನಿ. ಆಮೇಲೆ ಆರತಿ. ಹಾಲುಗಂಬ ಕಿತ್ತಿದ್ದೀವಿ. ಗಾಡಿ ಹೋಗಕ್ಕೆ ದಾರಿ ಇರ್ಲಿಲ್ಲ. ಅಣ್ಣ ಬೇಡ ಅಂದ. ನಾನೇ ಕಿತ್ತೆ."

ಮರಮ್ಮ ಗುಳಿಯನ್ನು ನೋಡಿದಳು. ಎಲೆ ತೊಟ್ಟು ನೋಡಿದ ಹಾಗೆಯೇ, ಬಗ್ಗಿ, ಎರಡು ಸಲ.

"ಒಬ್ಳೇ ಕಿತ್ತ್ಯಾ ಅಷ್ಟ್ ದೊಡ್ಡ ಕಂಬಾನ?"

ಇಲ್ಲಿ ಸುಳ್ಳು ಹೇಳಬಹುದಿತ್ತು. ಆದರೆ ಹಿಂದಿನಿಂದ ಮಗಳೇ, "ನಾನೂ ಕಿತ್ತೆ ಕಣತ್ತೆ," ಎಂದಳು. ಪವಿತ್ರಾ ಬಾಗಿಲಿಗೆ ಬಂದು ನಿಂತಿದ್ದಳು. ಹೊಸ್ತಿಲಿನ ಒಳಗೆ, ಈಗ ಮಾತ್ರ ಶಾಸ್ತ್ರಕ್ಕೆ ಸರಿಯಾಗಿ.

ಮರಮ್ಮ ಕೊನೆಮನೆಯ ಕಡೆ ನಡೆದಳು. ಕರಕಲು ಬಾಗಿಲಲ್ಲಿ ನಿಂತು ಒಳಗೆ ನೋಡಿದಳು. ಪಕ್ಕದಲ್ಲಿ ಕೂತಿದ್ದ ಉಷಾರಾಣಿಯನ್ನು ಏನೋ ಕೇಳಿದಳು, ಅವಳು ಏನೋ ಹೇಳಿದಳು. ಅವಳ ಮುಂಗೈಯ ಹಿಟ್ಟನ್ನು ಮರಮ್ಮ ತನ್ನ ರೇಷ್ಮೆಯ ಸೆರಗಿನ ಚುಂಗಿನಿಂದ ಒರೆಸುವುದು ಈ ಕಡೆಯವರಿಗೆ ಕಾಣಿಸಿತು. ಆಮೇಲೆ ವಾಪಸು ಬಂದಳು.

"ನಮ್ ಮದ್ವೆಗ್ ಕಜ್ಜಾಯ ಕರಿಯಕ್ಕೆ ಹೋಗಿ ಆ ಹೆಣ್ಮಗಳ ಮನೆ ಉರಿದದೆ. ಕಂಬ ಕೀಳ್ದೆ ನಿಂತಿದ್ರೆ ನಾನ್ ಈ ಮನೇಲಿ ಎಲೆ ಮುಂದೆ ಕೂತ್ಕತಿರ್ಲಿಲ್ಲ," ಎಂದಳು ಮರಮ್ಮ. "ಆದ್ರೆ ಶಾಸ್ತ್ರ ಶಾಸ್ತ್ರವೇ. ಇನ್ನೊಂದ್ ಸಲ ಹಾಲೆರೀಬೇಕು. ಎಲ್ಲಿ ನಿಮ್ಮಣ್ಣ?"

"ಇಲ್ಲಿವ್ನಿ ಕಣವ್ವ," ಎಂದ ದೊಡ್ಡಬೀರಯ್ಯ. ಅಷ್ಟು ಮೆತ್ತಗೆ ಅವನು ಮಾತಾಡಿದ್ದನ್ನು ಚಿಕ್ಕಬೀರಮ್ಮ ಕೇಳಿರಲಿಲ್ಲ.

"ದಾರಿ ಮಧ್ಯಕ್ಕೆ ಕಂಬ ನೆಟ್ಟ ಬುದ್ಧಿವಂತ ನೀನೇಯಾ?"

"ಈಸಾನ್ಯ ಅಲ್ಲಿಗೇ ಬಂತು."

"ಈಸಾನ್ಯ ಓಡ್ಹೋಯ್ತದಾ? ಒಂದ್ ನಾಕು ಗಳ ಆ ಗೋಡೆ ಮಗ್ಗುಲ್ಗೆ ಎಳ್ಕಂಡಿದ್ರೆ ಅದೇ ಬತ್ತಿತ್ತು ನಿನ್ ಜೊತೆ." ಟೆಂಪೋದಿಂದ ಇಳಿದ ಗಂಡಸರು ನಕ್ಕರು. ನಟರಾಜುವೂ ನಕ್ಕ, ಭಾವ ನೋಡುತ್ತಿದ್ದರೂ ನಕ್ಕ.

ಆಮೇಲೆ ಮರಮ್ಮ ಬಾಗಿಲಿಗೆ ಹೋಗಿ ಪವಿತ್ರಾಳ ಅಂಗೈ ತಿರುಗಿಸಿ ನೋಡಿದಳು. ಅರಿಶಿನ ಉಜ್ಜಿಹೋಗಿ ಎರಡು ಕಡೆ ಬೊಬ್ಬೆ ಎದ್ದಿತ್ತು.

"ನೋಡು ಮಗ, ಒಂದ್ ಮಾತ್ ಮೊದ್ಲೇ ಹೇಳ್ತೀನಿ. ಇವತ್ತು ನಾನು ದೊಡ್ಡದಾಗಿ ಮಾತಾಡ್ಬುಡ್ತೀನಿ. ನಾಳೆ ನಾಳಿದ್ದು ಹಸು ಕೆಚ್ಚಲು ಬತ್ಸ್ಕಂಡ್ರೆ, ಸಾರಿಗೆ ಉಪ್ಪು ಹೆಚ್ಚಾದ್ರೆ, ನನ್ ಬಾಯಲ್ಲೂ ಬಂದೀತು ಕಂಬ ಕಿತ್ ಮದ್ವೆ ಅಂತ. ನಾನೂ ಅತ್ತೆನೇಯಾ. ಆಗ ನೀ ಅಳ್ತಾ ಕೂರ್ಬೇಡ. ನಾನೇ ಕಿತ್ತಿದ್ದು ಕಣತ್ತೆ ಅನ್ನು."

ಪವಿತ್ರಾ ತಲೆ ತಗ್ಗಿಸಿ, "ನಾನೇ ಕಿತ್ತಿದ್ದು ಕಣತ್ತೆ," ಎಂದಳು.

"ಇಷ್ಟ್ ಮೆತ್ತಗಲ್ಲ. ಅಡ್ಗೆಮನೆಯಿಂದ ಕೊಟ್ಟಿಗೆಗ್ ಕೇಳ್ಬೇಕು. ನಂಗೆ ಬಲಗಿವಿ ಮಂದ."

ಪವಿತ್ರಾ ಗಟ್ಟಿಯಾಗಿಯೇ ಹೇಳಿದಳು. ಪಂಪಿನ ಪೈಪು ಸುತ್ತುತ್ತಿದ್ದ ಮಂಟಯ್ಯ ಕೂಡ ತಿರುಗಿ ನೋಡಿದ. ಹೆಂಗಸರೆಲ್ಲ ನಗುತ್ತಿದ್ದರು. ಚಿಕ್ಕಬೀರಮ್ಮನಿಗೆ ಮಾತ್ರ ನಗುವ ಬದಲು ಕಣ್ಣು ತುಂಬಿತು. ತನಗೆ ಆ ಹದಿನೆಂಟು ವರ್ಷದಲ್ಲಿ ಒಂದು ಸಲವಾದರೂ ಏನು ಹೇಳಬಹುದಿತ್ತು ಎಂದು ಅವಳು ಯೋಚಿಸಿದಳು. ಗಾಳಿ ಬೀಸಿದ್ದಕ್ಕೆ ನಾನೇ ಅನ್ನಲು ಬರುವುದಿಲ್ಲ. ಆದರೆ ಇಲ್ಲಿ ತಾನಾಗಿ ಮಾಡಿದ ಒಂದು ಕೆಲಸವಿದೆ, ಅದನ್ನು ಬಾಯಿಬಿಟ್ಟು ಹೇಳಿಕೊಳ್ಳಬಹುದು. ಮಗಳು ಅದನ್ನು ತೆಗೆದುಕೊಂಡು ಹೋಗುತ್ತಾಳೆ. ಅತ್ತೆ ಅಂದೇ ಅನ್ನುತ್ತಾಳೆ, ಇವಳು ತಿರುಗಿ ಹೇಳುತ್ತಾಳೆ, ಇಬ್ಬರೂ ಊಟಕ್ಕೆ ಕೂರುತ್ತಾರೆ. ಅಷ್ಟು ಸಾಕು ಅನ್ನಿಸಿತು ಅವಳಿಗೆ. ಸಾಕು ಅನ್ನುವುದಕ್ಕಿಂತ ಸ್ವಲ್ಪ ಹೆಚ್ಚೇ ಅನ್ನಿಸಿತು.

ದೊಡ್ಡಬೀರಯ್ಯ ಒಳಗಿನಿಂದ ಕಂಬ ಹೊತ್ತು ತಂದ. ಎರಡು ಗಾಡಿಗಳೂ ಹಿಮ್ಮುಖವಾಗಿ ಬೀದಿಯಿಂದ ಈಚೆ ಬರಲಿ, ಆಮೇಲೆ ನೆಡಬಹುದು ಎಂದು ಮಂಟಯ್ಯ ಹೇಳಿದ. ಗಾಡಿಗಳು ಈಚೆ ನಿಲ್ಲಲಿ, ಗಾಡಿಯವರು ಉಂಡೇ ಹೋಗಲಿ ಎಂದಳು ಮರಮ್ಮ. ಮನೆಯೊಳಗಿಂದ ನೆಂಟರವಳೊಬ್ಬಳು, ಹಂಡೆಯ ನೀರೆಲ್ಲ ಆ ಪಂಪಿಗೇ ಸುರಿದಿದ್ದೀರಲ್ಲ, ಈಗ ಅನ್ನಕ್ಕೆ ಏನು ಇಡಲಿ ಎಂದು ಕೂಗಿ ಕೇಳಿದಳು. ಚಿಕ್ಕಬೀರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಉಷಾರಾಣಿಯನ್ನೂ ಎಬ್ಬಿಸಿ ಕೈಗೊಂದು ಕೊಡ ಕೊಟ್ಟು, ಅವಳ ಜೊತೆ ಕೊಳವೆಬಾವಿಯ ಕಡೆಗೆ ಹೊರಟಳು.